ದಿಬ್ಬದ ಮೇಲಿನ ಊರು, ಇಳಿಜಾರಿನ ಬಡಾವಣೆಗಳು: ‘ಬೃಹತ್ ಮೈಸೂರು’ ಏಕೆ, ಯಾರಿಗೆ?

ಮೈಸೂರು ಮಹಾನಗರ ಪಾಲಿಕೆಯ ಗಡಿಯನ್ನು ಹಿಗ್ಗಿಸಿ ಹೂಟಗಳ್ಳಿ ನಗರಸಭೆಯನ್ನೂ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ ಮತ್ತು ಕಡಕೊಳ ಪಟ್ಟಣ ಪಂಚಾಯಿತಿಗಳನ್ನೂ, ನಗರಕ್ಕೆ ಅಂಟಿಕೊಂಡಿರುವ ಕೆಲವು ಗ್ರಾಮ ಪಂಚಾಯಿತಿಗಳನ್ನೂ ಒಂದೇ ಆಡಳಿತದ ಕೆಳಗೆ ತರುವ ‘ಬೃಹತ್ ಮೈಸೂರು’ ಯೋಜನೆ ಸುದ್ದಿಯಾದಾಗಿನಿಂದ ಜನರಲ್ಲಿ ಗೊಂದಲ ಹೆಚ್ಚಿದೆ. ಕಂದಾಯ ಏರುತ್ತದೆಯೇ, ಖಾತೆ ಬದಲಾಗುತ್ತದೆಯೇ, ಕಾವೇರಿ ನೀರು ಬರುತ್ತದೆಯೇ ಎಂಬ ಮನೆಮನೆಯ ಪ್ರಶ್ನೆಗಳ ಜೊತೆಗೆ ಇನ್ನೊಂದು ದೊಡ್ಡ ಪ್ರಶ್ನೆಯೂ ಇದೆ. ಬೆಂಗಳೂರಿನ ಒಂದೇ ಪಾಲಿಕೆ ತೀರ ದೊಡ್ಡದಾಯಿತೆಂದು 2025ರ ಸೆಪ್ಟೆಂಬರಿನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆಯಲಾಯಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡವನ್ನು ಹುಬ್ಬಳ್ಳಿಯಿಂದ ಬೇರ್ಪಡಿಸಿ ಪ್ರತ್ಯೇಕ ಪಾಲಿಕೆ ಮಾಡಲು ಸಚಿವ ಸಂಪುಟ ಒಪ್ಪಿತು. ಎರಡು ಕಡೆ ಒಡೆದ ಸರ್ಕಾರ ಮೈಸೂರಿನಲ್ಲಿ ಮಾತ್ರ ಕೂಡಿಸಲು ಹೊರಟಿರುವುದೇಕೆ?

ಈ ಪ್ರಶ್ನೆಗೆ ರಾಜಕೀಯದ ಉತ್ತರಗಳು ಬೇಕಾದಷ್ಟು ಸಿಗುತ್ತವೆ. ಆದರೆ ಮೈಸೂರಿನ ನೆಲ ಯಾವ ಕಡೆಗೆ ವಾಲಿದೆ, ಆ ನೆಲದ ಮೇಲೆ ಇನ್ನೂರು ವರ್ಷಗಳಲ್ಲಿ ಊರು ಹೇಗೆ ಹಬ್ಬಿತು ಎಂಬುದನ್ನು ನೋಡದೆ ಆ ಉತ್ತರಗಳನ್ನು ತೂಗಿ ನೋಡಲಾಗದು.

ನದಿಯನ್ನು ಬಿಟ್ಟು ಬಂದ ರಾಜಧಾನಿ

ಮೈಸೂರು ನದಿ ದಂಡೆಯ ಊರಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ರಾಜಧಾನಿ ಕಾವೇರಿಯ ನಡುಗಡ್ಡೆಗೆ ಹೋಯಿತು, ಸುಮಾರು 190 ವರ್ಷ ಅಲ್ಲೇ ಉಳಿಯಿತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದು, ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದಾಗ ರಾಜಧಾನಿ ಮತ್ತೆ ಮೈಸೂರಿಗೆ ಮರಳಿತು. ಹೀಗೆ ಮರಳಿ ಬಂದದ್ದು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ, ಚಾಮುಂಡಿ ಬೆಟ್ಟದ ಬುಡದಲ್ಲಿರುವ ಒಂದು ದಿಣ್ಣೆಯ ಮೇಲಕ್ಕೆ. ಉತ್ತರಕ್ಕೆ ಹದಿನೈದು ಕಿಲೋಮೀಟರಿನಷ್ಟು ದೂರದಲ್ಲಿ ಕಾವೇರಿ, ದಕ್ಷಿಣಕ್ಕೆ ಕಬಿನಿ. ಎರಡು ನದಿಗಳೂ ಊರಿಗಿಂತ ಹತ್ತಾರು ಮೀಟರ್ ತಗ್ಗಿನಲ್ಲಿ ಹರಿಯುತ್ತವೆ.

ಈ ಒಂದು ಸಂಗತಿಯೇ ಮೈಸೂರಿನ ಮುಂದಿನ ಚರಿತ್ರೆಯನ್ನು ಬಹುಮಟ್ಟಿಗೆ ತೀರ್ಮಾನಿಸಿತು. 1811ರವರೆಗೆ ದಿವಾನರಾಗಿದ್ದ ಪೂರ್ಣಯ್ಯನವರು ಕಾವೇರಿಯ ನೀರನ್ನು ಕಾಲುವೆ ತೋಡಿ ಊರಿಗೆ ತರಲು ಯತ್ನಿಸಿದರು. ಅಪಾರ ಶ್ರಮದಿಂದ ನೆಲ ಕಡಿದರೂ ನದಿಯ ನೀರು ಊರು ತಲುಪಲಿಲ್ಲ. ‘ಪೂರ್ಣಯ್ಯ ನಾಲೆ’ ಎಂಬ ಹೆಸರು ಉಳಿಯಿತು, ನಾಲೆ ಮಳೆನೀರಿನ ಕಾಲುವೆಯಾಯಿತು, ಊರಿನೊಳಗೆ ಕೊಳಚೆಯ ದಾರಿಯಾಯಿತು. ನಗರದ ನಡುವೆ ಹಾದ ಭಾಗವನ್ನು 19ನೆಯ ಶತಮಾನದ ಕೊನೆಯ ಹೊತ್ತಿಗೆ ಮುಚ್ಚಿದರು. ಇಂದು ದಸರಾ ಮೆರವಣಿಗೆ ಸಾಗುವ ಸಯ್ಯಾಜಿರಾವ್ ರಸ್ತೆ ಹರಡಿಕೊಂಡಿರುವುದು ಹೀಗೆ ಮುಚ್ಚಿದ ಆ ನಾಲೆಯ ಜಾಡಿನಲ್ಲಿ.

ನದಿ ಕೈಗೆಟುಕದ ಊರು ಕೆರೆಗಳನ್ನು ನೆಚ್ಚಿಕೊಂಡಿತು. 1828ರಲ್ಲಿ ಲಿಂಗಾಂಬುಧಿ, 1864ರಲ್ಲಿ ಕುಕ್ಕರಹಳ್ಳಿ ಕೆರೆಗಳನ್ನು ಮುಮ್ಮಡಿಯವರ ಕಾಲದಲ್ಲೇ ಕಟ್ಟಿದರು. ಕಾರಂಜಿ ಕೆರೆ, ದೊಡ್ಡಕೆರೆ, ಸುಬ್ಬರಾಯನಕೆರೆ, ಜೀವನರಾಯನಕಟ್ಟೆ, ದಳವಾಯಿ ಕೆರೆ ಹೀಗೆ ದಿಣ್ಣೆಯ ಎರಡೂ ಮಗ್ಗುಲಲ್ಲಿ ನೀರು ಮೆಟ್ಟಿಲುಮೆಟ್ಟಿಲಾಗಿ ನಿಂತು ಇಳಿಯುತ್ತಿತ್ತು. ಇವುಗಳಲ್ಲಿ ದೊಡ್ಡಕೆರೆ, ಸುಬ್ಬರಾಯನಕೆರೆ, ಜೀವನರಾಯನಕಟ್ಟೆಗಳು ಈಗ ಮೈದಾನಗಳ ಹೆಸರಾಗಿ ಮಾತ್ರ ಉಳಿದಿವೆ. ಕೆರೆ ಮುಚ್ಚಿದರೂ ಇಳಿಜಾರು ಹೋಗಲಿಲ್ಲ ಎಂಬುದನ್ನು ಜೋರು ಮಳೆ ಬಂದಾಗಲೆಲ್ಲ ತಗ್ಗಿನ ಬಡಾವಣೆಗಳ ನಿವಾಸಿಗಳು ಕಣ್ಣಾರೆ ಕಾಣುತ್ತಾರೆ.

ನಗರದ ಉತ್ತರ ಮಗ್ಗುಲಿನ ನೀರು ಕೆಸರೆಯ ಕಡೆಗೆ ಇಳಿದು ಕಾವೇರಿಯನ್ನು ಸೇರುತ್ತದೆ. ದಕ್ಷಿಣ ಮಗ್ಗುಲಿನದು ದಳವಾಯಿ ಕೆರೆಯ ಮೂಲಕ ಕಬಿನಿಯ ಕಡೆ ಹೋಗುತ್ತದೆ. ಕೆಸರೆ, ರಾಯನಕೆರೆ, ವಿದ್ಯಾರಣ್ಯಪುರಂ, ಈ ಮೂರು ಕಡೆ ಕೊಳಚೆ ನೀರು ಶುದ್ಧೀಕರಣ ಘಟಕಗಳು ಇರುವುದು ಆಕಸ್ಮಿಕವಲ್ಲ, ನೀರು ತಾನಾಗಿಯೇ ಇಳಿದು ಬರುವ ತಗ್ಗುಗಳು ಅವು. ದಿಣ್ಣೆಯ ಮೇಲಿನ ಮನೆಯಲ್ಲಿ ಚೆಲ್ಲಿದ ನೀರು ಪಾಲಿಕೆಯ ಗಡಿ ದಾಟುವಾಗ ಯಾರ ಅನುಮತಿಯನ್ನೂ ಕೇಳುವುದಿಲ್ಲ, ಗಡಿಯಾಚೆಯ ಬಡಾವಣೆಯ ಕೊಳಚೆ ನಗರದ ಕೆರೆಗೆ ನುಗ್ಗುವಾಗಲೂ ಅಷ್ಟೆ. ಇಡೀ ವಿವಾದವನ್ನು ಅರ್ಥ ಮಾಡಿಕೊಳ್ಳಲು ಹಿಡಿಯಬೇಕಾದ ಎಳೆ ಇದು.

ಚರಂಡಿ ಮೊದಲು, ಮನೆ ಆಮೇಲೆ

1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡು ಬೆಂಗಳೂರನ್ನು ಕೇಂದ್ರ ಮಾಡಿಕೊಂಡರು. 1881ರಲ್ಲಿ ಅಧಿಕಾರ ಮತ್ತೆ ಒಡೆಯರಿಗೆ ದಕ್ಕಿದರೂ ಸರ್ಕಾರದ ಕಚೇರಿಗಳು ಬೆಂಗಳೂರಿನಲ್ಲೇ ಉಳಿದವು. ಹೀಗಾಗಿ ಮೈಸೂರು ಅರಮನೆಯ ಊರಾಯಿತು, ವ್ಯಾಪಾರ ಮತ್ತು ಸೇನೆಯ ಒತ್ತಡದಿಂದ ಅಂಕೆ ತಪ್ಪಿ ಬೆಳೆಯುವ ಗತಿ ಅದಕ್ಕೆ ಬರಲಿಲ್ಲ. ಆ ನಿಧಾನವೇ ಯೋಜನೆಗೆ ಅವಕಾಶ ಕೊಟ್ಟಿತು.

19ನೆಯ ಶತಮಾನದ ಕೊನೆಯ ವರ್ಷಗಳು ಊರಿಗೆ ಕಠಿಣವಾಗಿದ್ದವು. 1897ರಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋಯಿತು. ಅದೇ ಕಾಲದಲ್ಲಿ ಪ್ಲೇಗ್ ಬಂದು ಕೋಟೆಯ ಒಳಗಿನ, ಹಳೆಯ ಮೊಹಲ್ಲಾಗಳ ಇಕ್ಕಟ್ಟಾದ ಕೇರಿಗಳಲ್ಲಿ ಸಾವುನೋವು ತಂದಿತು. ಆಗ ರಾಜಪ್ರತಿನಿಧಿಯಾಗಿ ಆಡಳಿತ ನಡೆಸುತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು. ಪೂರ್ಣಯ್ಯನವರು ಕಾಲುವೆಯಲ್ಲಿ ಹರಿಸಿ ತರಲಾಗದ ಕಾವೇರಿಯನ್ನು ಬೆಳಗೊಳದ ಬಳಿ ಯಂತ್ರಗಳಿಂದ ಮೇಲಕ್ಕೆತ್ತಿ ಊರಿಗೆ ತರುವ ವ್ಯವಸ್ಥೆಗೆ ಅಂಟಿಕೊಂಡ ವಾಣಿವಿಲಾಸದ ಹೆಸರು ಇಂದಿಗೂ ನಗರಕ್ಕೆ ನೀರು ಕೊಡುವ ವಿಭಾಗದ ಮೇಲಿದೆ.

ಪ್ಲೇಗಿನ ಪಾಠದಿಂದ ಹುಟ್ಟಿದ್ದು 1903ರ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ. ಸಿ.ಐ.ಟಿ.ಬಿ. ಎಂದೇ ಹಳೆಯ ಮೈಸೂರಿಗರ ನಾಲಗೆಯಲ್ಲಿ ಉಳಿದಿರುವ ಈ ಸಂಸ್ಥೆ ದೇಶದಲ್ಲೇ ಮೊದಮೊದಲಿನವುಗಳಲ್ಲಿ ಒಂದು. ಅದು ಕೆಲಸ ಮಾಡಿದ ಕ್ರಮವನ್ನು ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂನ ಬೀದಿಗಳಲ್ಲಿ ಈಗಲೂ ಓದಬಹುದು. ಮನೆಗಳ ಮುಂದೆ ಅಗಲವಾದ ನೇರ ರಸ್ತೆಗಳಿವೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಎಂದು ಕರೆಯುವ ಓಣಿಗಳಿವೆ. ನೈರ್ಮಲ್ಯದ ಕೆಲಸಕ್ಕೆಂದೇ ಬಿಟ್ಟ ಜಾಗ ಅದು. ಮಲ ಹೊರುವ ಅಮಾನುಷ ಪದ್ಧತಿ ಜಾರಿಯಲ್ಲಿದ್ದ ಕಾಲದ ಗುರುತೂ ಹೌದು ಎಂಬುದನ್ನು ಮರೆಯದೆ ಹೇಳಬೇಕು. ಆದರೆ ನೆಲವನ್ನು ಅಳೆದು, ನೀರು ಇಳಿಯುವ ದಿಕ್ಕನ್ನು ಗುರುತಿಸಿ, ಚರಂಡಿಗೂ ರಸ್ತೆಗೂ ಜಾಗ ಬಿಟ್ಟ ಮೇಲೆ ನಿವೇಶನ ಹಂಚುವ ಕ್ರಮ ಅಲ್ಲಿ ನೆಲೆಗೊಂಡಿತು. ಬಡಾವಣೆ ಮಾಡಿದ ಮೇಲೆ ಅದನ್ನು ನೋಡಿಕೊಳ್ಳುವ ಪುರಸಭೆ ಪಕ್ಕದಲ್ಲೇ ಇತ್ತು, ಎರಡರ ಮೇಲೂ ಒಂದೇ ಸರ್ಕಾರದ ಕಣ್ಣಿತ್ತು, ಹೊಸ ಬಡಾವಣೆ ಹಳೆಯ ಊರಿಗೆ ಅಂಟಿಕೊಂಡೇ ಇರುತ್ತಿತ್ತು.

ಸಂಸ್ಥಾನದ ಕಾಲವನ್ನು ಚಿನ್ನದ ಕಾಲವೆಂದು ಹೊಗಳುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಆಗ ಮತ ಹಾಕುವ ಹಕ್ಕು ಕೆಲವರಿಗೆ ಮಾತ್ರ ಇತ್ತು, ಊರೂ ಚಿಕ್ಕದಿತ್ತು. ಬಡಾವಣೆ ಮಾಡುವವರಿಗೂ ಬಡಾವಣೆ ನೋಡಿಕೊಳ್ಳುವವರಿಗೂ ನಡುವೆ ಅಂತರ ಇರಲಿಲ್ಲ ಎಂಬ ಅಂಶವೊಂದನ್ನು ಮಾತ್ರ ಇಲ್ಲಿ ಎತ್ತಿಕೊಳ್ಳಬೇಕು. ಮುಂದೆ ಕೆಟ್ಟದ್ದು ಇದೇ.

‘ಹಸ್ತಾಂತರ’ ಎಂಬ ಸಿಕ್ಕು

1977ರಲ್ಲಿ ಮೈಸೂರು ಪುರಸಭೆ ಮಹಾನಗರ ಪಾಲಿಕೆಯಾಯಿತು. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯ ಬಳಿಕ ಸಿ.ಐ.ಟಿ.ಬಿ. ಹೋಗಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಬಂತು. ಪ್ರಾಧಿಕಾರದ ಕೆಲಸ ಬಡಾವಣೆ ಮಾಡುವುದು, ಖಾಸಗಿ ಬಡಾವಣೆಗಳ ನಕ್ಷೆಗೆ ಅನುಮೋದನೆ ಕೊಡುವುದು. ರಸ್ತೆ, ನೀರು, ಯು.ಜಿ.ಡಿ. (ಒಳಚರಂಡಿ), ಬೀದಿದೀಪ ಎಲ್ಲ ಪೂರ್ತಿಯಾದ ಮೇಲೆ ಆ ಬಡಾವಣೆಯನ್ನು ಸ್ಥಳೀಯ ಸಂಸ್ಥೆಗೆ ವಹಿಸಿಕೊಡಬೇಕು. ಇದಕ್ಕೆ ಹಸ್ತಾಂತರ ಎನ್ನುತ್ತಾರೆ.

ಕಾಗದದ ಮೇಲೆ ಸರಳವಾಗಿ ಕಾಣುವ ಈ ಕ್ರಮ ನೆಲದ ಮೇಲೆ ಸಿಕ್ಕಾದದ್ದು ಹೀಗೆ. ಸುಮಾರು 42 ಕಿಲೋಮೀಟರ್ ಉದ್ದದ ಹೊರವರ್ತುಲ ರಸ್ತೆ ಬಂದ ಮೇಲೆ ಅದರ ಆಚೀಚೆಯ ಹೊಲಗದ್ದೆಗಳು ವೇಗವಾಗಿ ನಿವೇಶನಗಳಾದವು. ಹೂಟಗಳ್ಳಿ, ಕೂರ್ಗಳ್ಳಿ, ಹೆಬ್ಬಾಳದ ಕೈಗಾರಿಕಾ ಪ್ರದೇಶಗಳು ಕೆಲಸಗಾರರನ್ನು ಆ ಕಡೆ ಸೆಳೆದವು. ಪಾಲಿಕೆಯ ಗಡಿ ಮಾತ್ರ ಅದಕ್ಕೆ ತಕ್ಕಂತೆ ಸರಿಯಲಿಲ್ಲ. ಪ್ರಾಧಿಕಾರವೇ ಮಾಡಿದ ವಿಜಯನಗರ 4ನೇ ಹಂತದಂಥ ಬಡಾವಣೆಗಳು ಪಾಲಿಕೆಯ ಹೊರಗೆ ಬಿದ್ದವು. ಅಂಥ ಕಡೆ ಬಡಾವಣೆಯನ್ನು ವಹಿಸಿಕೊಳ್ಳಬೇಕಾದದ್ದು ಒಂದು ಗ್ರಾಮ ಪಂಚಾಯಿತಿ. ಒಬ್ಬಿಬ್ಬರು ವಾಟರ್‌ಮನ್, ಒಬ್ಬ ಕರವಸೂಲಿಗಾರ, ಒಬ್ಬ ಪಿ.ಡಿ.ಒ. (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಇರುವ ಪಂಚಾಯಿತಿಯು ಸಾವಿರಾರು ನಿವೇಶನಗಳ ಒಳಚರಂಡಿ ಜಾಲವನ್ನು ಹೇಗೆ ನಿಭಾಯಿಸಬೇಕು? ಅರೆಬರೆ ಕೆಲಸವಾದ ಬಡಾವಣೆಯನ್ನು ವಹಿಸಿಕೊಂಡರೆ ದುರಸ್ತಿಯ ಹೊರೆ ತಮ್ಮ ಮೇಲೆ ಬೀಳುತ್ತದೆಂದು ಸ್ಥಳೀಯ ಸಂಸ್ಥೆಗಳು ಹಿಂಜರಿದವು, ನಿವೇಶನ ಮಾರಿ ಮುಗಿಸಿದ ಖಾಸಗಿ ಡೆವಲಪರ್‌ಗಳಿಗೆ ಕೆಲಸ ಪೂರ್ತಿ ಮಾಡುವ ಆತುರ ಇರಲಿಲ್ಲ. ನಡುವೆ ಸಿಕ್ಕಿಬಿದ್ದವರು ಸಾಲ ಮಾಡಿ ಮನೆ ಕಟ್ಟಿಕೊಂಡವರು.

ಇದರ ಪರಿಣಾಮ ಕೆರೆಗಳ ಮೇಲಾಯಿತು. ಶುದ್ಧೀಕರಣ ಘಟಕಕ್ಕೆ ಜೋಡಣೆಯಾಗದ ಒಳಚರಂಡಿಯ ನೀರು ಮಳೆನೀರಿನ ಕಾಲುವೆಗೆ ಸೇರುತ್ತದೆ, ಕಾಲುವೆ ಕೆರೆಗೆ ಸೇರುತ್ತದೆ. ಒತ್ತುವರಿಯಾದ ಕಡೆ ಕಾಲುವೆಯೇ ಇಲ್ಲದೆ ಮಳೆನೀರು ಮನೆಗೆ ನುಗ್ಗುತ್ತದೆ. ಪಶ್ಚಿಮದ ದಿಣ್ಣೆಗಳಿಂದ ಕುಕ್ಕರಹಳ್ಳಿ ಕೆರೆಗೆ ನೀರು ತರುತ್ತಿದ್ದ ಪೂರಕ ಕಾಲುವೆಗಳ ಗತಿಯೂ ಇದೇ. ಕೆರೆ ನಗರದೊಳಗಿದೆ, ಅದಕ್ಕೆ ನೀರುಣಿಸುವ ನೆಲ ನಗರದ ಹೊರಗಿದೆ. ಕೆರೆಯ ಅಂಗಳವನ್ನು ಕಾಯುವವರು ಒಬ್ಬರು, ಕಾಲುವೆಯ ಮೇಲೆ ಕಟ್ಟಡಕ್ಕೆ ಒಪ್ಪಿಗೆ ಕೊಡುವವರು ಇನ್ನೊಬ್ಬರು.

2020ರಲ್ಲಿ ಸರ್ಕಾರ ಅರ್ಧ ಹೆಜ್ಜೆ ಇಟ್ಟಿತು. ನಗರದಂಚಿನ ಪಂಚಾಯಿತಿಗಳನ್ನು ಒಟ್ಟುಗೂಡಿಸಿ ಹೂಟಗಳ್ಳಿ ನಗರಸಭೆಯನ್ನೂ ನಾಲ್ಕು ಪಟ್ಟಣ ಪಂಚಾಯಿತಿಗಳನ್ನೂ ರಚಿಸಿತು. ಇದರಿಂದ ಆ ಪ್ರದೇಶಗಳು ‘ಗ್ರಾಮೀಣ’ ಎಂಬ ಪಟ್ಟಿಯಿಂದ ಹೊರಬಂದವು. ಆದರೆ ಒಂದು ದಿಣ್ಣೆಯ ಇಳಿಜಾರುಗಳನ್ನು ಹಂಚಿಕೊಂಡ ಸಂಸ್ಥೆಗಳ ಸಂಖ್ಯೆ ಕಡಿಮೆಯಾಗಿ ಒಂದಾಗಲಿಲ್ಲ. ಬೆಂಗಳೂರಿನಲ್ಲಿ ಒಡೆದು ಮೈಸೂರಿನಲ್ಲಿ ಕೂಡಿಸುವುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಂಡರೂ, ಎರಡೂ ಕಡೆಯ ರೋಗ ಬೇರೆ. ಅಲ್ಲಿ ಒಂದೇ ಸಂಸ್ಥೆ ತಡೆಯಲಾರದಷ್ಟು ಹಿಗ್ಗಿತ್ತು, ಇಲ್ಲಿ ಒಂದೇ ಊರು ಹಲವು ಚಿಕ್ಕ ಸಂಸ್ಥೆಗಳ ನಡುವೆ ಹರಿದುಹೋಗಿದೆ.

ಕೂಡಬೇಕು ಎನ್ನುವವರು

ವಿಸ್ತರಣೆಯನ್ನು ಬೆಂಬಲಿಸುವವರ ಮುಖ್ಯ ವಾದ ಮೇಲೆ ಹೇಳಿದ್ದೇ. ಒಂದು ಜಲಾನಯನದ ಚರಂಡಿ, ಕೆರೆ, ಕಸ, ರಸ್ತೆ ಒಂದೇ ಸಂಸ್ಥೆಯ ಕೈಯಲ್ಲಿದ್ದರೆ ಜವಾಬ್ದಾರಿ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ.

ಎರಡನೆಯದು ಹಣದ ಮಾತು. ಕೇಂದ್ರದ ಅನುದಾನಗಳು ನಗರದ ಜನಸಂಖ್ಯೆಯನ್ನು ಆಧರಿಸುತ್ತವೆ. 15ನೇ ಹಣಕಾಸು ಆಯೋಗವು ಹತ್ತು ಲಕ್ಷ ಮೀರಿದ ನಗರ ಸಮೂಹಗಳನ್ನು ಬೇರೆ ವರ್ಗವಾಗಿ ಮಾಡಿ ನೀರು, ನೈರ್ಮಲ್ಯ, ಗಾಳಿಯ ಗುಣಮಟ್ಟಕ್ಕಾಗಿ ಪ್ರತ್ಯೇಕ ಹಣ ನಿಗದಿ ಮಾಡಿತು. 2011ರ ಜನಗಣತಿಯಲ್ಲಿ ಮೈಸೂರು ನಗರ ಸಮೂಹದ ಜನಸಂಖ್ಯೆ ಹತ್ತು ಲಕ್ಷಕ್ಕೆ ಕೂದಲೆಳೆಯಷ್ಟು ಕಡಿಮೆ ಇದ್ದುದರಿಂದ ಆ ವರ್ಗಕ್ಕೆ ಸೇರಲಿಲ್ಲ, ಕರ್ನಾಟಕದಿಂದ ಸೇರಿದ್ದು ಬೆಂಗಳೂರು ಒಂದೇ. 2027ರ ಜನಗಣತಿಯಲ್ಲಿ ಮೈಸೂರು ಆ ಗೆರೆ ದಾಟುವುದು ಬಹುಮಟ್ಟಿಗೆ ಖಚಿತ. ಆಗ ಬರುವ ಹಣವನ್ನು ಖರ್ಚು ಮಾಡಲು ಒಂದು ಸಂಸ್ಥೆ ಇರುವುದು, ಅರ್ಧ ಡಜನ್ ಸಂಸ್ಥೆಗಳು ಇರುವುದಕ್ಕಿಂತ ಮೇಲು ಎಂಬ ಮಾತಿನಲ್ಲಿ ಹುರುಳಿದೆ.

ಕಾನೂನಿನ ಬಲವೂ ಇದೆ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 243ಕ್ಯೂ ವಿಧಿಯ ಪ್ರಕಾರ ಯಾವ ಪ್ರದೇಶವನ್ನು ದೊಡ್ಡ ನಗರ ಪ್ರದೇಶವೆಂದು ಘೋಷಿಸಬೇಕೆಂಬುದನ್ನು ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆದಾಯ ಮತ್ತು ಕೃಷಿಯೇತರ ಉದ್ಯೋಗದ ಪ್ರಮಾಣ ನೋಡಿ ನಿರ್ಧರಿಸಬೇಕು. ಹಿನಕಲ್, ಬೋಗಾದಿ, ಶ್ರೀರಾಂಪುರಗಳಲ್ಲಿ ನಡೆದಾಡಿದ ಯಾರಿಗೂ ಅವು ಈ ಅಳತೆಗಳಲ್ಲಿ ನಗರವಲ್ಲ ಎನ್ನಲು ಬಾಯಿ ಬರದು. ಕಡಕೊಳದ ಆಚೆಗಿನ, ವರುಣಾ ಕಡೆಯ ನೀರಾವರಿ ಹಳ್ಳಿಗಳ ಮಾತು ಬೇರೆ. ಅಲ್ಲಿ ಇನ್ನೂ ಭತ್ತ, ಕಬ್ಬು ಬೆಳೆಯುತ್ತಾರೆ. ಗಡಿಯ ಗೆರೆ ಎಲ್ಲಿ ನಿಲ್ಲಬೇಕೆಂಬ ನಿಜವಾದ ಜಗಳ ಇರುವುದು ಅಂಥ ಕಡೆ.

ಬೇಡ ಎನ್ನುವವರು

ಗ್ರಾಮ ಪಂಚಾಯಿತಿಗಳಿಂದ ನೇರವಾಗಿ ಪಾಲಿಕೆಗೆ ಬರುವ ಹಳ್ಳಿಗಳ ಜನರ ಆತಂಕವನ್ನು ‘ಅಭಿವೃದ್ಧಿ ವಿರೋಧ’ ಎಂದು ತಳ್ಳಿಹಾಕುವುದು ಅನ್ಯಾಯ. ಆಸ್ತಿ ತೆರಿಗೆಯನ್ನು ನಗರಗಳಲ್ಲಿ ನೆಲದ ಮಾರ್ಗಸೂಚಿ ದರಕ್ಕೆ ಜೋಡಿಸಿ ಲೆಕ್ಕ ಹಾಕುತ್ತಾರೆ. ಹೊರವರ್ತುಲ ರಸ್ತೆಯ ಬದಿಯಲ್ಲಿ ನೆಲದ ಬೆಲೆ ಏರಿದೆ, ಆದರೆ ಅಲ್ಲಿನ ಹಳೆಯ ಊರೊಳಗಿನ ಹೆಂಚಿನ ಮನೆಯ ಒಡೆಯನ ಆದಾಯ ಏರಿಲ್ಲ. ಈಗಾಗಲೇ ನಗರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿರುವವರಿಗೆ ಈ ಬದಲಾವಣೆಯ ಹೊಡೆತ ಕಡಿಮೆ, ಏಕೆಂದರೆ ಅವರು 2020ರಿಂದಲೇ ನಗರದ ಲೆಕ್ಕಕ್ಕೆ ಬಂದಿದ್ದಾರೆ. ಗ್ರಾಮೀಣ ಉದ್ಯೋಗ ಖಾತ್ರಿಯ ಕೆಲಸ, ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ವೃತ್ತಿಶಿಕ್ಷಣದಲ್ಲಿ ಇರುವ ಮೀಸಲಾತಿ ಇಂಥ ಸೌಲಭ್ಯಗಳು ಊರು ನಗರದ ಪಟ್ಟಿಗೆ ಸೇರಿದ ಮೇಲೆ ಮುಂದುವರಿಯುವುದಿಲ್ಲ ಎಂಬ ಭಯವೂ ನಿಜವಾದದ್ದು. ಭೂಹೀನ ಕೂಲಿಕಾರರಿಗೆ ಪಾಲಿಕೆಯ ಬೀದಿದೀಪ ಈ ನಷ್ಟವನ್ನು ತುಂಬಿಕೊಡದು.

ಪ್ರಾತಿನಿಧ್ಯದ ಪ್ರಶ್ನೆಯನ್ನು ಇದಕ್ಕಿಂತಲೂ ಗಂಭೀರವಾಗಿ ನೋಡಬೇಕು. ಗ್ರಾಮ ಪಂಚಾಯಿತಿಯಲ್ಲಿ ಕೆಲವು ನೂರು ಮತದಾರರಿಗೆ ಒಬ್ಬ ಸದಸ್ಯ ಸಿಗುತ್ತಾನೆ, ಮನೆಯ ಬಾಗಿಲಿಗೆ ಹೋಗಿ ಕೇಳಬಹುದು. ಪಾಲಿಕೆಯ ಒಂದು ವಾರ್ಡಿನಲ್ಲಿ ಸಾವಿರಾರು ಮನೆಗಳಿರುತ್ತವೆ. ಹಳ್ಳಿಯ ನೀರಗಂಟಿಯನ್ನು ಕರೆದು ಮಾತಾಡುತ್ತಿದ್ದವರು ಇನ್ನು ಮುಂದೆ ಆ್ಯಪ್‌ನಲ್ಲಿ ದೂರು ದಾಖಲಿಸಿ ಕಾಯಬೇಕು.

ಹಳೆಯ ನಗರದವರ ಅಸಮಾಧಾನ ಇನ್ನೊಂದು ಬಗೆಯದು. ವಿದ್ಯಾರಣ್ಯಪುರಂನ ಸೂಯೇಜ್ ಫಾರ್ಮ್‌ನಲ್ಲಿ ವರ್ಷಗಳಿಂದ ಬಿದ್ದ ಕಸದ ರಾಶಿಯ ದುರ್ನಾತಕ್ಕೆ ಸುತ್ತಲಿನ ಜನ ಎಷ್ಟೋ ಸಲ ಬೀದಿಗಿಳಿದಿದ್ದಾರೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವಗಳು ಹೋದವು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅವುಗಳನ್ನು ಉಳಿಸಬೇಕೇ ಕೆಡವಿ ಕಟ್ಟಬೇಕೇ ಎಂಬ ವಾದ ನ್ಯಾಯಾಲಯದ ಮೆಟ್ಟಿಲೇರಿ ವರ್ಷಗಟ್ಟಲೆ ಎಳೆಯಿತು. ಇರುವ ಊರನ್ನೇ ನೋಡಿಕೊಳ್ಳಲಾಗದವರು ಇನ್ನಷ್ಟು ಊರು ಸೇರಿಸಿಕೊಂಡರೆ ಇದ್ದ ಪೌರಕಾರ್ಮಿಕರು, ಇದ್ದ ಎಂಜಿನಿಯರುಗಳು ಮತ್ತಷ್ಟು ತೆಳುವಾಗಿ ಹರಡಿಹೋಗುತ್ತಾರೆ ಎಂಬ ಅವರ ಮಾತಿಗೆ ಉತ್ತರ ಸಿಗಬೇಕಾದದ್ದು ಸಿಬ್ಬಂದಿ ಮಂಜೂರಾತಿಯ ಆದೇಶದಲ್ಲಿ, ಭಾಷಣದಲ್ಲಿ ಅಲ್ಲ.

ಬೆಂಗಳೂರಿನ 110 ಹಳ್ಳಿಗಳು

ಈ ಎರಡೂ ಪಕ್ಷದವರು ಗಮನಿಸಬೇಕಾದ ಉದಾಹರಣೆ ಹತ್ತಿರದಲ್ಲೇ ಇದೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಹಳ್ಳಿಗಳು ಒಂದೇ ಅಧಿಸೂಚನೆಯಿಂದ ನಗರವಾದವು. ಆದರೆ ಕಾವೇರಿ ನೀರು ಅವುಗಳಿಗೆ ಅಧಿಸೂಚನೆಯ ಜೊತೆ ಬರಲಿಲ್ಲ. ಮುಖ್ಯವಾಗಿ ಆ ಹಳ್ಳಿಗಳಿಗೆಂದೇ ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ 5ನೇ ಹಂತ ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಸೇರ್ಪಡೆಗೂ ನೀರಿಗೂ ನಡುವೆ ಹದಿನೇಳು ವರ್ಷ ಕಳೆಯಿತು. ಆ ಹದಿನೇಳು ವರ್ಷ ಜನ ಕೊಳವೆಬಾವಿ ಮತ್ತು ಟ್ಯಾಂಕರ್‌ಗಳನ್ನು ನಂಬಿದರು. ಅಂತರ್ಜಲ ಪಾತಾಳಕ್ಕೆ ಇಳಿದು, 2024ರ ಬೇಸಿಗೆಯಲ್ಲಿ ಅದರ ಫಲವನ್ನು ಇಡೀ ದೇಶ ಕಂಡಿತು.

ಚುನಾವಣೆಯ ಪಾಠವೂ ಅಲ್ಲೇ ಇದೆ. ಹಳೆಯ ಬೆಂಗಳೂರು ಪಾಲಿಕೆಯ ಅವಧಿ 2006ರಲ್ಲಿ ಮುಗಿದಿತ್ತು, ವಿಸ್ತರಿಸಿದ ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದು 2010ರಲ್ಲಿ. 2020ರಲ್ಲಿ ಮತ್ತೆ ಅವಧಿ ಮುಗಿಯಿತು. ಆ ಬಳಿಕ ವಾರ್ಡ್ ಸಂಖ್ಯೆ, ಗಡಿ, ಮೀಸಲಾತಿ ಎಂದು ಮುಂದೂಡುತ್ತಲೇ ಹೋಗಿ, ಪಾಲಿಕೆಯನ್ನು ಒಡೆಯುವ ಹೊತ್ತಿಗೂ ಚುನಾಯಿತ ಮಂಡಳಿ ಇರಲಿಲ್ಲ. ಮೈಸೂರಿನಲ್ಲಿ 65 ವಾರ್ಡುಗಳ ಪಾಲಿಕೆಯ ಅವಧಿ 2023ರ ನವೆಂಬರಿನಲ್ಲಿ ಮುಗಿದು ಆಡಳಿತಾಧಿಕಾರಿಯ ಕೈಗೆ ಹೋಗಿದೆ. ಗಡಿ ಬದಲಾದರೆ ವಾರ್ಡುಗಳನ್ನು ಹೊಸದಾಗಿ ವಿಂಗಡಿಸಬೇಕು, ಮೀಸಲಾತಿ ಪಟ್ಟಿ ಮಾಡಬೇಕು, ಆಕ್ಷೇಪಣೆ ಕೇಳಬೇಕು. ಚುನಾವಣೆ ಇನ್ನಷ್ಟು ದೂರ ಹೋಗುವ ಅಪಾಯ ಕಣ್ಣೆದುರಿಗಿದೆ. ಊರಿನ ಆಕಾರವನ್ನೇ ಬದಲಿಸುವ ಇಷ್ಟು ದೊಡ್ಡ ನಿರ್ಧಾರ ಚುನಾಯಿತ ಸದಸ್ಯರೇ ಇಲ್ಲದ ಹೊತ್ತಿನಲ್ಲಿ ಆಗುತ್ತಿರುವುದು ಈ ಪ್ರಸ್ತಾವದ ಅತಿ ದುರ್ಬಲ ಅಂಶ.

ನೀರಿನ ಲೆಕ್ಕ, ಮಂಡ್ಯದ ಮಾತು

ಪೂರ್ಣಯ್ಯನವರ ಕಾಲದ ಪ್ರಶ್ನೆ ಇಂದಿಗೂ ತೀರಿಲ್ಲ: ದಿಣ್ಣೆಯ ಮೇಲಿನ ಊರಿಗೆ ನೀರು ಎಲ್ಲಿಂದ? ಮೈಸೂರಿಗೆ ನೀರು ಕೊಡುವ ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಸ್ಥಾವರಗಳು ಇರುವುದು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ. ಇವಲ್ಲದೆ ಕಬಿನಿಯ ಬಿದರಗೂಡಿನಿಂದಲೂ ನೀರು ಬರುತ್ತದೆ. ಬೆಳೆಯುತ್ತಿರುವ ಹೊರವಲಯಕ್ಕಾಗಿ ಕೃಷ್ಣರಾಜಸಾಗರದ ಹಿನ್ನೀರಿನಿಂದ ಎತ್ತುವ ಹಳೆ ಉಂಡವಾಡಿ ಯೋಜನೆಯನ್ನು ಕೈಗೆತ್ತಿಕೊಂಡಿದ್ದಾರೆ.

ಲೆಕ್ಕ ಹೀಗಿದೆ. ಒಳಚರಂಡಿ ಇರುವ ನಗರದಲ್ಲಿ ತಲಾ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬುದು ಒಪ್ಪಿತ ಮಾನದಂಡ. ಅಂದರೆ ಹೊಸದಾಗಿ ಸೇರುವ ಪ್ರತಿ ಒಂದು ಲಕ್ಷ ಜನರಿಗೆ ದಿನಕ್ಕೆ 135 ಲಕ್ಷ ಲೀಟರ್ ಬೇಕು. ಯೋಜನೆ ಮಾಡುವವರ ಲೆಕ್ಕದಲ್ಲಿ ಕೊಟ್ಟ ನೀರಿನ ಸುಮಾರು ಶೇ 80 ಭಾಗ ಕೊಳಚೆಯಾಗಿ ಹೊರಬರುತ್ತದೆ. ಆದ್ದರಿಂದ ಅದೇ ಒಂದು ಲಕ್ಷ ಜನರಿಂದ ದಿನಕ್ಕೆ ನೂರು ಲಕ್ಷ ಲೀಟರಿಗೂ ಹೆಚ್ಚು ಕೊಳಚೆ ನೀರು ಕೆಸರೆಗೋ ರಾಯನಕೆರೆಗೋ ದಳವಾಯಿ ಕೆರೆಗೋ ಇಳಿಯುತ್ತದೆ. ನೀರಿನ ಕೊಳವೆಯನ್ನು ಮೊದಲು ಹಾಕಿ ಒಳಚರಂಡಿಯನ್ನು ಆಮೇಲೆ ನೋಡೋಣ ಎಂದರೆ ಕೊಟ್ಟ ನೀರೇ ಕೆರೆಗಳಿಗೆ ವಿಷವಾಗಿ ಮರಳುತ್ತದೆ.

ಮಂಡ್ಯದ ರೈತರಿಗೆ ಮೈಸೂರಿನ ಬೆಳವಣಿಗೆಯ ಮೇಲೆ ಕಣ್ಣಿರುವುದು ಸಹಜ. ದಿನಕ್ಕೆ 100 ದಶಲಕ್ಷ ಲೀಟರ್ ಹೆಚ್ಚುವರಿ ನೀರು ಎಂದರೆ ವರ್ಷಕ್ಕೆ ಸುಮಾರು 1.3 ಟಿಎಂಸಿ ಅಡಿ. 49.45 ಟಿಎಂಸಿ ಅಡಿ ಸಾಮರ್ಥ್ಯದ ಕೃಷ್ಣರಾಜಸಾಗರ 124.80 ಅಡಿ ತುಂಬಿದ ವರ್ಷ ಇದು ಶೇ 3ಕ್ಕಿಂತ ಕಡಿಮೆ, ಯಾರ ಗಮನಕ್ಕೂ ಬಾರದು. ಮಳೆ ಕೈಕೊಟ್ಟ ವರ್ಷ, ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ನೀರು (ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯ ನೀರು) ಬಿಡುವಾಗ, ಇದೇ 1.3 ಟಿಎಂಸಿಗೆ ಬೇರೆ ಬೆಲೆ ಬರುತ್ತದೆ. ಕುಡಿಯುವ ನೀರಿಗೆ ಮೊದಲ ಹಕ್ಕು ಎಂಬ ತತ್ತ್ವವನ್ನು ಮಂಡ್ಯದವರು ಪ್ರಶ್ನಿಸುವುದಿಲ್ಲ. ಸೋರುವ ಕೊಳವೆಗಳಿಗೆ, ಮೀಟರ್ ಇಲ್ಲದ ಸಂಪರ್ಕಗಳಿಗೆ ಆ ಹಕ್ಕು ಅನ್ವಯಿಸುವುದಿಲ್ಲ ಎಂದು ಅವರು ಹೇಳಿದರೆ ಅದು ನ್ಯಾಯವಾದ ಮಾತು.

ಇದರ ಇನ್ನೊಂದು ಮುಖವನ್ನು ಯಾರೂ ಹೆಚ್ಚಾಗಿ ಎತ್ತಿಲ್ಲ. ದಿಣ್ಣೆಯ ಉತ್ತರ ಮಗ್ಗುಲಿನಿಂದ ಕಾವೇರಿಗೆ, ದಕ್ಷಿಣ ಮಗ್ಗುಲಿನಿಂದ ಕಬಿನಿಗೆ ಇಳಿದ ಮೈಸೂರಿನ ನೀರು ತಿರುಮಕೂಡಲು ನರಸೀಪುರದ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ಅದರ ಕೆಳಗೆ ತಲಕಾಡು ಇದೆ, ಬೆಂಗಳೂರಿಗೆ ನೀರೆತ್ತುವ ಜಾಗಗಳಿವೆ. ಮೈಸೂರು ಎಷ್ಟು ನೀರು ಎತ್ತುತ್ತದೆ ಎಂಬುದರಷ್ಟೇ, ಹೇಗೆ ಮರಳಿಸುತ್ತದೆ ಎಂಬುದೂ ಕೆಳಗಿನವರ ಹಕ್ಕಿನ ಪ್ರಶ್ನೆ.

ಅಂತಿಮ ಅಧಿಸೂಚನೆಯಲ್ಲಿ ಏನನ್ನು ಹುಡುಕಬೇಕು

ಗಡಿ ವಿಸ್ತರಣೆ ಅಗತ್ಯ ಎಂಬುದು ಈ ಲೇಖನದ ನಿಲುವು. ಆದರೆ ವಿಸ್ತರಣೆಯಿಂದ ಒಳ್ಳೆಯದಾಗುವುದೋ ಕೆಟ್ಟದ್ದಾಗುವುದೋ ಎಂಬುದು ಕೆಲವು ವಿವರಗಳ ಮೇಲೆ ನಿಂತಿದೆ, ನಾಗರಿಕರು ಆಕ್ಷೇಪಣೆ ಸಲ್ಲಿಸುವಾಗ ಕೇಳಬೇಕಾದದ್ದೂ ಅವನ್ನೇ. ಹಸ್ತಾಂತರವಾಗದೆ ನಿಂತಿರುವ ಬಡಾವಣೆಗಳ ಬಾಕಿ ಕೆಲಸದ ಖರ್ಚನ್ನು ಯಾರು ಭರಿಸುತ್ತಾರೆ? ಪಾಲಿಕೆಯೇ ಭರಿಸುವುದಾದರೆ ಹಳೆಯ ಮೊಹಲ್ಲಾಗಳ ಕಂದಾಯದಿಂದ ಖಾಸಗಿ ಡೆವಲಪರ್‌ಗಳ ಬಾಕಿಯನ್ನು ತೀರಿಸಿದಂತಾಗುತ್ತದೆ, ಪ್ರಾಧಿಕಾರವೇ ಭರಿಸಬೇಕೆಂದು ಬರೆದರೆ ಅದಕ್ಕೆ ಗಡುವು ಬೇಕು. ಗ್ರಾಮ ಪಂಚಾಯಿತಿಗಳಿಂದ ಬರುವ ಹಳೆಯ ಊರೊಳಗಿನ ಮನೆಗಳಿಗೆ ತೆರಿಗೆಯನ್ನು ಒಮ್ಮೆಲೇ ಏರಿಸದೆ, ನೀರು ಮತ್ತು ಒಳಚರಂಡಿ ತಲುಪಿದ ಮೇಲೆ ಹಂತಹಂತವಾಗಿ ಏರಿಸುವ ಭರವಸೆ ಅಧಿಸೂಚನೆಯಲ್ಲಿ ಇದೆಯೇ?

ವಾರ್ಡುಗಳ ಗೆರೆ ಎಳೆಯುವಾಗ ಜನಸಂಖ್ಯೆಯ ಸಮಾನತೆಯ ಜೊತೆಗೆ ರಾಜಕಾಲುವೆಗಳ ಜಾಡನ್ನೂ ನೋಡುವುದು ಸಾಧ್ಯ. ಒಂದು ಕೆರೆಯ ಜಲಾನಯನ ಹತ್ತು ವಾರ್ಡುಗಳಲ್ಲಿ ಚೂರಾದರೆ ಹತ್ತು ಸದಸ್ಯರೂ ಅದನ್ನು ಪಕ್ಕದವರ ಕೆಲಸವೆನ್ನುತ್ತಾರೆ. ಕುಕ್ಕರಹಳ್ಳಿ, ಲಿಂಗಾಂಬುಧಿ, ದಳವಾಯಿ ಕೆರೆಗಳಿಗೆ ಬರುವ ಕಾಲುವೆಗಳ ಸರ್ವೆಯನ್ನು ಸೇರ್ಪಡೆಗೆ ಮುನ್ನ ಮುಗಿಸಿ, ಕಂದಾಯ ನಕ್ಷೆಯಲ್ಲಿ ಗುರುತಿಸಿ ಪ್ರಕಟಿಸಿದರೆ, ಆಮೇಲೆ ಬರುವ ಕಟ್ಟಡ ಪರವಾನಗಿಗಳಿಗೆ ಅದೇ ಲಗಾಮು. ಗ್ರಾಮ ಪಂಚಾಯಿತಿಗಳ ಕಡತಗಳು ಪಾಲಿಕೆಗೆ ಬರುವ ಹೊತ್ತಿನಲ್ಲಿ ಕಾಲುವೆಯ ಮೇಲಿನ ನಿವೇಶನಗಳಿಗೆ ಹಳೆಯ ತಾರೀಕಿನ ಖಾತೆಗಳು ಹುಟ್ಟಿಕೊಳ್ಳದಂತೆ ದಾಖಲೆಗಳನ್ನು ಮೊದಲೇ ವಶಕ್ಕೆ ಪಡೆದು ಮುದ್ರೆ ಹಾಕುವ ಕೆಲಸ ಜಿಲ್ಲಾಡಳಿತದ್ದು. ಚುನಾವಣೆಗೆ ದಿನಾಂಕವಿಲ್ಲದ ಅಧಿಸೂಚನೆಯನ್ನು ಒಪ್ಪಿಕೊಳ್ಳುವುದಿಲ್ಲವೆಂದು ನಗರದೊಳಗಿನವರೂ ಹೊರವಲಯದವರೂ ಒಟ್ಟಾಗಿ ಕೇಳಲು ಆಕ್ಷೇಪಣೆಯ ಅವಧಿಯೇ ಸರಿಯಾದ ಸಮಯ.